ಎರಡು ಥೀಮ್ ಪಾರ್ಕ್, ಒಂದು ಊರು, ಐದು ದಿನ: ವಿಜಯಪುರದಿಂದ ಹೈದರಾಬಾದಿಗೆ ಹೋಗುವವರಿಗೆ ಹೋಗಿಬಂದವರ ಮಾತು

ಪ್ರಶ್ನೆ, ವಿಜಯಪುರದ ಗೃಹಿಣಿಯೊಬ್ಬರಿಂದ

ದಸರಾ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಐದು ದಿನದ ಮಟ್ಟಿಗೆ ಪ್ರವಾಸ ಹೋಗಬೇಕೆಂದಿದ್ದೇವೆ. ಮನೆ ಬಿಟ್ಟು ಮನೆ ಸೇರುವವರೆಗೆ ಐದೇ ದಿನ. ಮಗಳಿಗೆ ಹನ್ನೆರಡು ವರ್ಷ, ಮಗನಿಗೆ ಆರು. ಮೊಣಕಾಲು ನೋವಿರುವ ನಮ್ಮ ಅತ್ತೆಯವರೂ ಜೊತೆಗಿರುತ್ತಾರೆ. ಮಕ್ಕಳ ಪಟ್ಟಿಯಲ್ಲಿ ರಾಮೋಜಿ ಫಿಲ್ಮ್ ಸಿಟಿ, ವಂಡರ್‌ಲಾ, ಸ್ನೋ ವರ್ಲ್ಡ್ ಇವೆ. ನಮ್ಮ ಮನೆಯವರಿಗೆ ಗೋಲ್ಕೊಂಡ ಮತ್ತು ಸಾಲಾರ್ ಜಂಗ್ ವಸ್ತುಸಂಗ್ರಹಾಲಯ ನೋಡುವ ಆಸೆ. ಅತ್ತೆಯವರಿಗೆ ಒಂದು ದೇವಸ್ಥಾನ ಮತ್ತು ಹೊತ್ತಿಗೆ ಸರಿಯಾಗಿ ರೊಟ್ಟಿ ಸಿಕ್ಕರೆ ಸಾಕು. ಹೈದರಾಬಾದೇ ಸರಿಯೋ, ಬೆಂಗಳೂರು–ಮೈಸೂರು ವಾಸಿಯೋ? ಯಾವ ದಿನ ಎಲ್ಲಿಗೆ ಹೋಗಬೇಕು, ಎಲ್ಲಿ ಉಳಿಯಬೇಕು ಎಂಬುದನ್ನು ಹೋಗಿಬಂದವರು ದಯವಿಟ್ಟು ತಿಳಿಸಿ.

ಉತ್ತರ, ವಿಜಯಪುರದಿಂದಲೇ

ಅಕ್ಕಾವ್ರೇ, ಹೈದರಾಬಾದ್ ಎಂದೇ ಇಟ್ಟುಕೊಳ್ಳಿ, ಆದರೆ ಪಟ್ಟಿಯಿಂದ ಸ್ನೋ ವರ್ಲ್ಡನ್ನು ಈಗಲೇ ತೆಗೆದುಬಿಡಿ. ಅಲ್ಲಿ ಒಳಗಿರುವ ಅವಧಿ ಚಿಕ್ಕದು. ಅದಕ್ಕಾಗಿ ಊರ ನಡುವಿನ ವಾಹನದಟ್ಟಣೆಯಲ್ಲಿ ಹೋಗಿ ಬರುವ ಹೊತ್ತೇ ಹೆಚ್ಚಾಗುತ್ತದೆ. ಐದು ದಿನದಲ್ಲಿ ಮೊದಲ ದಿನವೂ ಕೊನೆಯ ದಿನವೂ ಪ್ರಯಾಣಕ್ಕೆ ಹೋದರೆ ಕೈಯಲ್ಲಿ ಉಳಿಯುವುದು ಮೂರು ದಿನ. ಆ ಮೂರರಲ್ಲಿ ಎರಡು ಪಾರ್ಕುಗಳನ್ನು ಬೆನ್ನಿಗೆ ಬೆನ್ನು ಇಡಬೇಡಿ. ಮೊದಲ ದಿನ ರಾಮೋಜಿ, ನಡುವಿನ ದಿನ ಊರು, ಮೂರನೆಯ ದಿನ ವಂಡರ್‌ಲಾ ಎಂದು ಇಟ್ಟುಕೊಂಡರೆ ಮಕ್ಕಳ ಕಾಲಿಗೂ ಹಿರಿಯರ ಸಹನೆಗೂ ಬಿಡುವು ಸಿಗುತ್ತದೆ. ವಂಡರ್‌ಲಾ ಕೊನೆಗೇ ಇರಲಿ ಎನ್ನುವುದಕ್ಕೆ ಕಾರಣವಿದೆ: ನೀರಿನಲ್ಲಿ ಆಡಿದ ಮಕ್ಕಳು ಮರುದಿನ ಮಧ್ಯಾಹ್ನದವರೆಗೆ ಏಳುವುದಿಲ್ಲ, ಆ ನಿದ್ದೆಯನ್ನು ರೈಲಿನಲ್ಲಿ ಮುಗಿಸಬಹುದು.

ಉಳಿಯುವ ಜಾಗದ ವಿಷಯದಲ್ಲಿ ಹೆಚ್ಚಿನವರು ಚಾರ್ಮಿನಾರ್ ಹತ್ತಿರ ಅಥವಾ ಹೈಟೆಕ್ ಸಿಟಿಯ ಕಡೆ ಕೋಣೆ ಹುಡುಕುತ್ತಾರೆ. ನಿಮ್ಮ ಪಟ್ಟಿಗೆ ಅವೆರಡೂ ಹೊಂದುವುದಿಲ್ಲ. ರಾಮೋಜಿ ಇರುವುದು ಊರಿನ ಪೂರ್ವಕ್ಕೆ, ವಿಜಯವಾಡ ಹೆದ್ದಾರಿಯಲ್ಲಿ. ವಂಡರ್‌ಲಾ ಇರುವುದು ದಕ್ಷಿಣಕ್ಕೆ, ರಾವಿರ್ಯಾಲದಲ್ಲಿ, ಹೊರವರ್ತುಲ ರಸ್ತೆಗೆ ಹತ್ತಿಕೊಂಡು. ಎರಡಕ್ಕೂ ಅನುಕೂಲವಾಗುವುದು ಎಲ್‌.ಬಿ. ನಗರ, ದಿಲ್‌ಸುಖ್‌ನಗರದ ಭಾಗ. ಅಲ್ಲಿಂದ ಮೆಟ್ರೋ ಕೆಂಪು ಮಾರ್ಗ ಹಿಡಿದರೆ ಮಲಕ್‌ಪೇಟೆ, ಎಂಜಿಬಿಎಸ್, ನಾಂಪಲ್ಲಿ, ಅಸೆಂಬ್ಲಿ ಎಲ್ಲವೂ ಗಾಡಿ ಬದಲಿಸದೆ ಸಿಗುತ್ತವೆ. ಹೈದರಾಬಾದ್ ರೈಲುನಿಲ್ದಾಣವೂ ನಾಂಪಲ್ಲಿಯಲ್ಲೇ ಇರುವುದರಿಂದ, ನಿಮ್ಮ ರೈಲು ಅಲ್ಲಿಗೆ ಹೋಗುವುದಾದರೆ ಇಳಿದು ನೇರ ಮೆಟ್ರೋ ಹತ್ತಬಹುದು.

ರಾಮೋಜಿ 1996 ರಲ್ಲಿ ಆರಂಭವಾದದ್ದು. ಜಗತ್ತಿನ ಅತಿ ದೊಡ್ಡ ಚಲನಚಿತ್ರ ಸ್ಟುಡಿಯೋ ಸಂಕೀರ್ಣವೆಂದು ಗಿನ್ನೆಸ್ ದಾಖಲೆಯಲ್ಲಿದೆ. ನಿಮ್ಮ ವಾಹನವನ್ನು ಹೊರಗೇ ನಿಲ್ಲಿಸಬೇಕು, ಒಳಗೆ ಅವರದೇ ಬಸ್ಸುಗಳು. ಮಾರ್ಗದರ್ಶಕರು ಇರುವ ಬಸ್ಸಿನ ಸುತ್ತಾಟವನ್ನು ಬೆಳಿಗ್ಗೆಯೇ ಮುಗಿಸಿ. ಮಧ್ಯಾಹ್ನದ ನಂತರ ಬಸ್ಸಿನ ಸಾಲು ಬೆಳೆಯುತ್ತದೆ. ದೊಡ್ಡವರಿಗೆ ಉದ್ಯಾನ ಹಿಡಿಸಬಹುದು, ಮಕ್ಕಳಿಗೆ ಹಿಡಿಸುವುದು ಸೆಟ್ಟುಗಳ ಸುಳ್ಳು. ಕಲ್ಲಿನ ಅರಮನೆಯೆಂದು ನಂಬಿದ್ದ ಗೋಡೆಯನ್ನು ನಮ್ಮ ಮಗ ಬೆರಳಿನಿಂದ ಬಡಿದಾಗ ಒಳಗಿನಿಂದ ಡಬ್ಬದ ಸದ್ದು ಬಂತು. ಆಮೇಲೆ ಸಂಜೆಯವರೆಗೆ ಅವನು ಕಂಡ ಕಂಡ ಕಂಬವನ್ನೆಲ್ಲ ಬಡಿಯುತ್ತಲೇ ನಡೆದ. ಅತ್ತೆಯವರಿಗೆ ಬಸ್ಸಿನಲ್ಲಿ ಕೂಡುವುದು ಸುಲಭ, ಆದರೆ ಹತ್ತಿ ಇಳಿಯುವುದು ಪದೇ ಪದೇ ಇರುತ್ತದೆ. ಎಲ್ಲ ನಿಲುಗಡೆಯಲ್ಲೂ ಇಳಿಯಲೇಬೇಕೆಂದಿಲ್ಲ. ಪ್ರದರ್ಶನಗಳು ನಡೆಯುವ ಕಡೆ ನೆರಳಿನಲ್ಲಿ ಅವರನ್ನು ಕೂರಿಸಿ ನೀವು ಸುತ್ತಿ ಬರಬಹುದು.

ನಡುವಿನ ದಿನವನ್ನು ಸಾಲಾರ್ ಜಂಗ್‌ನಿಂದ ಆರಂಭಿಸಿ. ಅಲ್ಲಿ ನೋಡುತ್ತಾ ಹೋದರೆ ವಾರ ಸಾಲದು. ಮಕ್ಕಳಿಗೆ ಎರಡೇ ಗುರಿ ಕೊಡಿ, ಮುಸುಕಿನ ರೆಬೆಕ್ಕಾ ಎಂಬ ಅಮೃತಶಿಲೆಯ ಮೂರ್ತಿ ಮತ್ತು ಸಂಗೀತ ಗಡಿಯಾರ. ಗಂಟೆ ಹೊಡೆಯುವ ಹೊತ್ತು ಸಮೀಪಿಸಿದಂತೆ ಎಲ್ಲ ಕೋಣೆಗಳಿಂದಲೂ ಜನ ಗಡಿಯಾರದ ಮುಂದೆ ಬಂದು ಸೇರುತ್ತಾರೆ, ಪುಟ್ಟ ಬೊಂಬೆಯೊಂದು ಬಾಗಿಲಿನಿಂದ ಹೊರಬಂದು ಅಷ್ಟೂ ಗಂಟೆಯನ್ನು ಬಡಿದು ಒಳಗೆ ಹೋಗುತ್ತದೆ. ಹನ್ನೆರಡು ಗಂಟೆಯ ಬಡಿತಕ್ಕೆ ಅಲ್ಲಿರುವಂತೆ ನೋಡಿಕೊಂಡರೆ ಮಕ್ಕಳು ಹನ್ನೆರಡನ್ನೂ ಎಣಿಸುತ್ತಾರೆ. ಸ್ವಲ್ಪ ಮೊದಲೇ ಹೋದರೆ ಅತ್ತೆಯವರಿಗೆ ಕೂಡಲು ಜಾಗ ಸಿಗುತ್ತದೆ.

ಮಧ್ಯಾಹ್ನ ಊಟವಾದ ಮೇಲೆ ಗೋಲ್ಕೊಂಡ. ಕೋಟೆಯ ತುದಿಯಲ್ಲಿರುವ ಬಾಲಾ ಹಿಸ್ಸಾರ್‌ವರೆಗಿನ ಏರು ಮೊಣಕಾಲು ನೋವಿನವರಿಗೆ ಆಗದ ಮಾತು, ಆದರೆ ಅತ್ತೆಯವರು ಕೆಳಗಿದ್ದರೂ ನಷ್ಟವಿಲ್ಲ. ಕೋಟೆಯ ಪ್ರವೇಶದ್ವಾರದ ಗುಮ್ಮಟದ ಕೆಳಗೆ ಚಪ್ಪಾಳೆ ತಟ್ಟಿದರೆ ಬೆಟ್ಟದ ತುದಿಯಲ್ಲಿ ಕೇಳಿಸುತ್ತದೆ. ಅಜ್ಜಿ ಕೆಳಗೆ ತಟ್ಟಲಿ, ಮೊಮ್ಮಕ್ಕಳು ಮೇಲೆ ಕೇಳಲಿ. ಗೋಲಗುಂಬಜದ ಪಿಸುಗುಟ್ಟುವ ಮೊಗಸಾಲೆಯಲ್ಲಿ ಕೂಗಿ ಬೆಳೆದ ನಮ್ಮ ಮಕ್ಕಳಿಗೆ ಇದು ತಮ್ಮದೇ ಆಟವೆನಿಸುತ್ತದೆ. ನಂಟು ಬರೀ ಸದ್ದಿನದಲ್ಲ: ಗೋಲಗುಂಬಜದಲ್ಲಿ ಮಲಗಿರುವ ಮುಹಮ್ಮದ್ ಆದಿಲ್ ಶಾಹನ ಪತ್ನಿ ಖದೀಜಾ ಸುಲ್ತಾನಾ ಗೋಲ್ಕೊಂಡದ ಕುತುಬ್ ಶಾಹಿ ಮನೆತನದ ಮಗಳು. ಔರಂಗಜೇಬನಿಗೆ ವಿಜಯಪುರ ಸೋತದ್ದು 1686 ರಲ್ಲಿ, ಗೋಲ್ಕೊಂಡ ಸೋತದ್ದು ಮರುವರ್ಷ. ನಿಮ್ಮ ಮನೆಯವರಿಗೆ ಇತಿಹಾಸದ ಆಸಕ್ತಿ ಇದೆಯೆಂದು ಬರೆದದ್ದರಿಂದ ಇಷ್ಟು ಹೇಳಿದೆ.

ಚಾರ್ಮಿನಾರನ್ನು ಸಾಲಾರ್ ಜಂಗ್‌ನಿಂದ ಆಟೋದಲ್ಲಿ ಹೋಗಿ ನೋಡಿ, ಲಾಡ್ ಬಜಾರಿನಲ್ಲಿ ಬಳೆ ಕೊಂಡು ಹೊರಟುಬಿಡಿ. ಮೇಲೆ ಹತ್ತುವ ಸಾಲಿನಲ್ಲಿ ನಿಂತರೆ ಗೋಲ್ಕೊಂಡ ತಪ್ಪುತ್ತದೆ.

ಉತ್ತರ, ಬಾಗಲಕೋಟೆಯ ವಿದ್ಯಾಗಿರಿಯಿಂದ

ಮೇಲಿನವರ ಯೋಜನೆ ಅಚ್ಚುಕಟ್ಟಾಗಿದೆ, ಆದರೆ ಹಿರಿಯರು ಜೊತೆಗಿರುವಾಗ ನನ್ನ ಒಲವು ಮೈಸೂರಿನ ಕಡೆಗೆ. ಗೋಲಗುಂಬಜ್ ಎಕ್ಸ್‌ಪ್ರೆಸ್ ವಿಜಯಪುರ, ಬಾಗಲಕೋಟೆಯ ಮೇಲೆ ಬಂದು ಮೈಸೂರಿನವರೆಗೂ ಹೋಗುತ್ತದೆ. ಬೆಂಗಳೂರಿನ ವಂಡರ್‌ಲಾ ಇರುವುದು ಮೈಸೂರು ರಸ್ತೆಯ ಬಿಡದಿಯಲ್ಲಿ. ಮೈಸೂರಿನಲ್ಲಿ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ಇದೆ. ಎರಡು ಪಾರ್ಕು, ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ ಎಲ್ಲವೂ ಒಂದೇ ದಾರಿಯಲ್ಲಿ ಬರುತ್ತವೆ. ಮೃಗಾಲಯದಲ್ಲಿ ಬ್ಯಾಟರಿ ಗಾಡಿ ಸಿಗುತ್ತದೆ, ಬೆಟ್ಟದ ಮೇಲಕ್ಕೆ ವಾಹನ ಹೋಗುತ್ತದೆ. ಮುಖ್ಯವಾಗಿ, ನಿಮ್ಮ ಅತ್ತೆಯವರು ಪಕ್ಕದಲ್ಲಿ ಕುಳಿತ ಯಾರೊಂದಿಗಾದರೂ ಕನ್ನಡದಲ್ಲಿ ಮಾತನಾಡಿಕೊಂಡು ಹೊತ್ತು ಕಳೆಯಬಹುದು. ಪಾರ್ಕಿನಲ್ಲಿ ಆಟ ಆಡದವರಿಗೆ ಅದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ.

ಆದರೆ ದಸರಾ ರಜೆಯೆಂದು ಬರೆದಿದ್ದೀರಿ. ಮೈಸೂರಿನಲ್ಲಿ ದಸರಾ ಹೊತ್ತಿಗೆ ಕೋಣೆಯ ಬಾಡಿಗೆ ಏರುತ್ತದೆ, ಅರಮನೆಯ ಸುತ್ತ ಕಾಲಿಡಲು ಜಾಗವಿರುವುದಿಲ್ಲ. ಜಂಬೂಸವಾರಿಯನ್ನೇ ನೋಡಬೇಕೆಂಬ ಆಸೆ ಇಲ್ಲದಿದ್ದರೆ ಆ ವಾರ ಮೈಸೂರನ್ನು ಬಿಟ್ಟು, ಬೇಸಿಗೆ ರಜೆಗೆ ಇಟ್ಟುಕೊಳ್ಳಿ. ಹಾಗೆ ಹೋಗುವಾಗ ಮೈಸೂರು ಮೃಗಾಲಯಕ್ಕೂ ಬನ್ನೇರುಘಟ್ಟಕ್ಕೂ ಮಂಗಳವಾರ ರಜೆ ಎಂಬುದು ನೆನಪಿರಲಿ. ಅರಮನೆಯ ದೀಪಾಲಂಕಾರ ವರ್ಷದ ಉಳಿದ ದಿನಗಳಲ್ಲಿ ಭಾನುವಾರ ಮತ್ತು ಸರ್ಕಾರಿ ರಜಾದಿನಗಳ ಸಂಜೆ ಇರುತ್ತದೆ.

ಉತ್ತರ, ಮುಧೋಳದ ಶಿಕ್ಷಕಿಯೊಬ್ಬರಿಂದ

ಗಂಡಸರು ದಾರಿ, ರೈಲು, ಕೋಟೆಯ ಬಗ್ಗೆ ಬರೆದಿದ್ದಾರೆ. ಬಟ್ಟೆ ಮತ್ತು ಊಟದ ವಿಷಯ ನನಗೆ ಬಿಟ್ಟಂತಿದೆ.

ವಂಡರ್‌ಲಾದ ನೀರಿನ ಆಟಗಳಿಗೆ ಹತ್ತಿಯ ಬಟ್ಟೆ, ಸೀರೆ, ಜೀನ್ಸ್ ನಡೆಯುವುದಿಲ್ಲ. ನೈಲಾನ್ ಬಟ್ಟೆಯೇ ಬೇಕು. ಒಳಗೆ ಕೊಳ್ಳಲು ಸಿಗುತ್ತದೆ, ಆದರೆ ಮನೆಯವರೆಲ್ಲರಿಗೂ ಅಲ್ಲೇ ಕೊಂಡರೆ ದುಬಾರಿ. ಉದ್ದ ತೋಳಿನ ನೈಲಾನ್ ಟೀಶರ್ಟು, ಕಾಲು ಮುಚ್ಚುವ ಲೆಗ್ಗಿಂಗ್ಸ್ ಊರಲ್ಲೇ ಕೊಂಡು ಹೋದರೆ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಸಂಕೋಚವೂ ಇರುವುದಿಲ್ಲ. ಒದ್ದೆ ಬಟ್ಟೆ ತರಲು ಪ್ಲಾಸ್ಟಿಕ್ ಚೀಲ ಮತ್ತು ಒಂದು ಜೊತೆ ಹೆಚ್ಚಿನ ಚಪ್ಪಲಿ ಇರಲಿ.

ಹೊರಗಿನ ಊಟವನ್ನು ಪಾರ್ಕುಗಳ ಒಳಗೆ ಬಿಡುವುದಿಲ್ಲ. ಆದ್ದರಿಂದ ಕಟಕ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿಯ ಬುತ್ತಿಯನ್ನು ರೈಲಿಗೂ ಕೋಣೆಗೂ ಎಂದು ಲೆಕ್ಕ ಹಾಕಿ ಕಟ್ಟಿ. ಬೆಳಿಗ್ಗೆ ಕೋಣೆಯಲ್ಲೇ ಹೊಟ್ಟೆ ತುಂಬ ತಿಂದು ಹೊರಟರೆ ಒಳಗೆ ಮಧ್ಯಾಹ್ನ ಒಂದು ಹೊತ್ತು ಕೊಂಡರೆ ಸಾಕು. ಅತ್ತೆಯವರ ಔಷಧಿ ಊಟದ ನಂತರ ತೆಗೆದುಕೊಳ್ಳುವಂಥದ್ದಾದರೆ, ವೈದ್ಯರ ಚೀಟಿಯೊಂದಿಗೆ ಅದನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ, ಲಾಕರಿನಲ್ಲಿ ಇಡಬೇಡಿ. ಸಂಜೆಯ ರೊಟ್ಟಿಗೆ ಚಿಂತೆ ಬೇಡ. ಹೈದರಾಬಾದಿನ ಬಡಾವಣೆಗಳಲ್ಲಿ ಸಂಜೆಯಾದರೆ ರಸ್ತೆಯ ಬದಿಗೆ ಹೆಣ್ಣುಮಕ್ಕಳು ಹಂಚು ಇಟ್ಟುಕೊಂಡು ಜೋಳದ ರೊಟ್ಟಿ ಬಡಿಯುತ್ತಾರೆ. ಜೊನ್ನ ರೊಟ್ಟೆ ಎಂದು ಕೇಳಿದರೆ ಬಿಸಿಯಾಗಿಯೇ ಕೊಡುತ್ತಾರೆ. ನಮ್ಮ ಅವ್ವ ಅದನ್ನು ತಿರುಗಿಸಿ ನೋಡಿ, ಅಂಚು ದಪ್ಪವಾಯಿತು ಎಂದರೂ ಎರಡು ತಿಂದರು.

ಇನ್ನೊಂದು ಮಾತು. ವಂಡರ್‌ಲಾದ ದಿನ ಅತ್ತೆಯವರನ್ನು ಕರೆದುಕೊಂಡು ಹೋಗಲೇಬೇಡಿ. ಇಡೀ ದಿನ ಬೆಂಚಿನ ಮೇಲೆ ಎಲ್ಲರ ಚೀಲ ಕಾಯುತ್ತ ಕೂಡುವುದಕ್ಕೆ ಟಿಕೆಟ್ ಕೊಂಡಂತಾಗುತ್ತದೆ. ಅತ್ತೆಯವರು, ನಿಮ್ಮ ಮನೆಯವರು ಇಬ್ಬರೂ ಬೆಳಿಗ್ಗೆ ಬಿರ್ಲಾ ಮಂದಿರಕ್ಕೆ ಹೋಗಲಿ. ಬಿಳಿ ಅಮೃತಶಿಲೆಯ ವೆಂಕಟೇಶ್ವರನ ಗುಡಿ, ಅಸೆಂಬ್ಲಿ ಮೆಟ್ರೋದಿಂದ ಆಟೋದಲ್ಲಿ ಹತ್ತಿರ. ಗುಡ್ಡದ ಮೇಲಿರುವುದರಿಂದ ಮೆಟ್ಟಿಲುಗಳಿವೆ, ನಿಧಾನವಾಗಿ ಹತ್ತಿಸಬೇಕು. ಸಂಜೆ ಹುಸೇನ್ ಸಾಗರದ ದಂಡೆಯಲ್ಲಿ ಕುಳಿತು 1992 ರಲ್ಲಿ ನಿಲ್ಲಿಸಿದ ಬುದ್ಧನ ಏಕಶಿಲಾ ಮೂರ್ತಿಯನ್ನು ನೋಡಬಹುದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಅತ್ತೆಯವರು ರೊಟ್ಟಿಯ ಸುದ್ದಿ ಕೇಳಿಯೇ ಅರ್ಧ ಒಪ್ಪಿದ್ದಾರೆ. ಎರಡು ಸಂದೇಹಗಳು ಉಳಿದಿವೆ. ನಮ್ಮ ಮನೆಯವರು ಅತ್ತೆಯವರೊಂದಿಗೆ ಉಳಿದರೆ ವಂಡರ್‌ಲಾದಲ್ಲಿ ಎರಡು ಮಕ್ಕಳನ್ನು ನಾನೊಬ್ಬಳೇ ನಿಭಾಯಿಸಬಹುದೇ? ಕಾರಿನಲ್ಲಿ ಹೋಗುವುದು ಲಾಭವೇ? ಬನ್ನಿ ಕೊಡುವ ದಿನ ಮನೆಯಲ್ಲೇ ಇರಬೇಕಾದ್ದರಿಂದ ಹಬ್ಬ ಮುಗಿಸಿಯೇ ಹೊರಡುತ್ತೇವೆ.

ಉತ್ತರ, ಬೆಳಗಾವಿಯಿಂದ

ಮೊದಲು ಮಕ್ಕಳನ್ನು ಮನೆಯ ಗೋಡೆಗೆ ನಿಲ್ಲಿಸಿ ಎತ್ತರ ಅಳೆಯಿರಿ. ವಂಡರ್‌ಲಾದಲ್ಲಿ ಮಕ್ಕಳ ಟಿಕೆಟ್ ಎತ್ತರದ ಮೇಲೆ ನಿರ್ಧಾರವಾಗುತ್ತದೆ, ದೊಡ್ಡ ಆಟಗಳಿಗೂ ಎತ್ತರದ ಮಿತಿಯಿದೆ. ಭಾರಿ ವೇಗದವುಗಳಿಗೆ ಸುಮಾರು 140 ಸೆಂಟಿಮೀಟರ್ ಬೇಕು. ನಿಮ್ಮ ಮಗಳು ಆ ಗೆರೆಯ ಹತ್ತಿರ ಇರಬಹುದು, ಮಗ ಖಂಡಿತ ಕೆಳಗಿರುತ್ತಾನೆ. ಇದನ್ನು ಮೊದಲೇ ಹೇಳಿಟ್ಟರೆ ಆಟದ ಬಾಗಿಲಲ್ಲಿ ಅಳು ಇರುವುದಿಲ್ಲ. ಒಬ್ಬರೇ ದೊಡ್ಡವರಿದ್ದರೆ ತೊಂದರೆಯಾಗುವುದು ಇಲ್ಲೇ: ಮಗಳು ಮೇಲಿನ ಆಟಕ್ಕೆ ಹೋದಾಗ ನೀವು ಮಗನ ಜೊತೆ ಕೆಳಗೆ ನಿಲ್ಲಬೇಕು, ನೀವು ಆಡುವುದು ಆಗುವುದಿಲ್ಲ. ಅದಕ್ಕೆ ಒಪ್ಪಿಗೆಯಿದ್ದರೆ ನಿಭಾಯಿಸಬಹುದು. ಮಗಳ ವಯಸ್ಸಿನ ಸೋದರಸಂಬಂಧಿಯೊಬ್ಬಳನ್ನು ಜೊತೆಗೆ ಕರೆದುಕೊಂಡರೆ ಇನ್ನೂ ಹಗುರ. ಬೆಳಿಗ್ಗೆ ಒಣ ಆಟಗಳನ್ನು ಮುಗಿಸಿ, ಮಧ್ಯಾಹ್ನ ನೀರಿಗೆ ಇಳಿಯಿರಿ. ನೀರಿನ ಆಟಗಳು ಪಾರ್ಕು ಮುಚ್ಚುವುದಕ್ಕಿಂತ ಮುಂಚೆಯೇ ನಿಲ್ಲುತ್ತವೆ.

ನಮ್ಮಂಥ ಬೆಳಗಾವಿಯವರಿಗಾದರೆ ಪುಣೆ ಮತ್ತು ಖೋಪೋಲಿಯ ಇಮ್ಯಾಜಿಕಾ ಹತ್ತಿರ. ಅಲ್ಲಿ ಥೀಮ್ ಪಾರ್ಕ್, ವಾಟರ್ ಪಾರ್ಕ್, ಸ್ನೋ ಪಾರ್ಕ್ ಮೂರೂ ಒಂದೇ ಕಡೆ ಇವೆ. ವಿಜಯಪುರದಿಂದ ಅದು ದೂರವಾಗುತ್ತದೆ.

ಉತ್ತರ, ಮೊದಲು ಉತ್ತರಿಸಿದ ವಿಜಯಪುರದವರಿಂದ

ಕಾರು ಲಾಭವೇ, ಆದರೆ ಊರೊಳಗೆ ಅದನ್ನು ಮುಟ್ಟಬೇಡಿ. ಸಿಂದಗಿ, ಜೇವರ್ಗಿ, ಕಲಬುರಗಿ, ಹುಮನಾಬಾದ್ ದಾಟಿ ರಾಷ್ಟ್ರೀಯ ಹೆದ್ದಾರಿ 65 ಹಿಡಿದರೆ ಜಹೀರಾಬಾದ್, ಸಂಗಾರೆಡ್ಡಿಯ ಮೇಲೆ ಪಟಾನ್‌ಚೆರು ಸಮೀಪ ಹೊರವರ್ತುಲ ರಸ್ತೆ ಸಿಗುತ್ತದೆ. ಅಲ್ಲಿಂದ ಊರನ್ನು ಬಳಸಿಕೊಂಡು ಬಂದರೆ ವಂಡರ್‌ಲಾದ ದಾರಿಯೂ ಮುಂದೆ ಪೆದ್ದ ಅಂಬರ್‌ಪೇಟದಲ್ಲಿ ರಾಮೋಜಿಯ ದಾರಿಯೂ ಅದೇ ರಸ್ತೆಯಿಂದ ಕವಲೊಡೆಯುತ್ತವೆ. ಊರು ನೋಡುವ ದಿನ ಕಾರು ವಸತಿಗೃಹದಲ್ಲೇ ನಿಲ್ಲಲಿ, ಮೆಟ್ರೋ ಮತ್ತು ಆಟೋ ಸಾಕು. ರೈಲಿನಲ್ಲೇ ಹೋಗುವುದಾದರೆ ಮುಂಗಡ ಕಾಯ್ದಿರಿಸುವಿಕೆ ಈಗ 60 ದಿನ ಮೊದಲು ಮಾತ್ರ ತೆರೆಯುತ್ತದೆ, ಆ ದಿನವನ್ನೇ ಗುರುತು ಹಾಕಿಕೊಳ್ಳಿ. ದಸರಾ ತೆಲಂಗಾಣದವರಿಗೂ ದೊಡ್ಡ ಹಬ್ಬ. ಹಬ್ಬಕ್ಕೆ ಊರಿಗೆ ಹೋದವರೆಲ್ಲ ಮರಳುವ ದಿನಗಳಲ್ಲಿ ಹೈದರಾಬಾದಿನ ಕಡೆಯ ಗಾಡಿಗಳು ತುಂಬಿರುತ್ತವೆ. ನೇರ ರೈಲಿನಲ್ಲಿ ಜಾಗ ಸಿಗದಿದ್ದರೆ ಸೊಲ್ಲಾಪುರಕ್ಕೋ ಕಲಬುರಗಿಗೋ ಹೋಗಿ ಮುಂಬೈ–ಹೈದರಾಬಾದ್ ಮಾರ್ಗದ ಗಾಡಿ ಹಿಡಿಯಬಹುದು.

ವಾರದ ಲೆಕ್ಕವೊಂದು ಉಳಿಯಿತು. ಸಾಲಾರ್ ಜಂಗ್ ಶುಕ್ರವಾರ ಮುಚ್ಚಿರುತ್ತದೆ, ಭಾನುವಾರ ಪಾರ್ಕುಗಳಲ್ಲಿ ಸ್ಥಳೀಯರೇ ತುಂಬಿರುತ್ತಾರೆ. ಹಬ್ಬದ ನಂತರದ ಮಂಗಳವಾರ ಹೊರಡಿ. ಬುಧವಾರ ರಾಮೋಜಿ, ಗುರುವಾರ ಸಾಲಾರ್ ಜಂಗ್ ಮತ್ತು ಗೋಲ್ಕೊಂಡ, ಶುಕ್ರವಾರ ಮಕ್ಕಳಿಗೆ ವಂಡರ್‌ಲಾ ಮತ್ತು ಅತ್ತೆಯವರಿಗೆ ಬಿರ್ಲಾ ಮಂದಿರ, ಶನಿವಾರ ಮರುಪ್ರಯಾಣ. ಭಾನುವಾರ ಬಟ್ಟೆ ಒಗೆಯಲು ಬಿಡುವಾಗುತ್ತದೆ.