ಅಪ್‌ಡೇಟ್: ಅಪ್ಪನ ಭುಜದ ಸ್ಕ್ಯಾನ್ ಆಯ್ತು

ತೊಗರಿ ಚೀಲ ಎತ್ತಿದ ಮೇಲೆ ಅಪ್ಪನ ಬಲಗೈ ಮೇಲೇಳುತ್ತಿಲ್ಲ, ಎಕ್ಸ್‌ರೇಯಲ್ಲಿ ಏನೂ ಇಲ್ಲ, ಹಳೇ ಪೇಸ್‌ಮೇಕರ್ ಇರೋದ್ರಿಂದ ಎಂಆರ್‌ಐ ಬೇಡ ಅಂದಿದ್ದಾರೆ, ಏನು ಮಾಡೋದು ಅಂತ ಕೇಳಿದ್ದೆ. ಅಲ್ಟ್ರಾಸೌಂಡ್ ಮಾಡಿಸಿ ಅಂದಿರಿ. ನಿನ್ನೆ ಕಲಬುರಗಿಯಲ್ಲಿ ಮಾಡಿಸಿದೆವು.

"ಇದು ಬಸುರಿ ಹೆಂಗಸರಿಗೆ ಮಾಡೋದಲ್ಲೇನ್ರೀ?" ಅಂತ ಅಪ್ಪ ಡಾಕ್ಟರನ್ನೇ ಕೇಳಿಬಿಟ್ಟರು! ತಣ್ಣನೆ ಜೆಲ್ ಹಚ್ಚಿ, ಕೈಯನ್ನು ಬೆನ್ನ ಹಿಂದೆ, ಪಕ್ಕಕ್ಕೆ ಆಡಿಸುತ್ತಲೇ ನೋಡಿದರು. ಎಂಆರ್‌ಐಯಲ್ಲಿ ಅಲುಗಾಡದೆ ಮಲಗಬೇಕು, ಅಲ್ವಾ? ಸುಪ್ರಾಸ್ಪೈನೇಟಸ್ ಅನ್ನೋ ಸ್ನಾಯುವಿನ ರಜ್ಜು ಸ್ವಲ್ಪ ಹರಿದಿದೆಯಂತೆ. ಪರದೆಯಲ್ಲಿ ಬಿಳಿ ಎಳೆಗಳ ನಡುವೆ ಕಪ್ಪು ಸೀಳು ನನಗೂ ಕಾಣಿಸಿತು. ಮೂಳೆಯ ಒಳಗಡೆ ಇದರಲ್ಲಿ ಕಾಣಲ್ಲ. ಸದ್ಯಕ್ಕೆ ಆಪರೇಷನ್ ಬೇಡ, ಫಿಸಿಯೋಥೆರಪಿ ಸಾಕಂತೆ. ಚೀಲ ಮುಟ್ಟಬೇಡಿ ಅಂದಿದ್ದಕ್ಕೆ ಮಾತ್ರ ಅಪ್ಪನಿಗೆ ಸಿಟ್ಟು.