ಬೆಕ್ಕಿನ ಮರಿಗೆ ಕೊನೆಯ ಚುಚ್ಚುಮದ್ದು ಯಾವ ವಯಸ್ಸಿನಲ್ಲಿ ಬೀಳಬೇಕು? ಪಶುವೈದ್ಯರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಸಾಗರದ ಓದುಗರು): ಡಾಕ್ಟರಿಗೆ ನಮಸ್ಕಾರ. ನಮ್ಮದು ತೋಟದ ಮನೆ. ಕಳೆದ ಮಳೆಗಾಲದಲ್ಲಿ ತಂದ ಮರಿಗೆ 8ನೇ ವಾರದಲ್ಲಿ ಒಂದು, 11ನೇ ವಾರದಲ್ಲಿ ಇನ್ನೊಂದು ಚುಚ್ಚುಮದ್ದು ಹಾಕಿಸಿದ್ದೆವು. ಮರಿ ತೀರಾ ಚಿಕ್ಕದೆಂದು ಎರಡು ಸಲವೂ ಅರ್ಧ ಡೋಸ್ ಕೊಟ್ಟರು. ಐದು ತಿಂಗಳಾಗುವ ಹೊತ್ತಿಗೆ ವಾಂತಿ ಶುರುವಾಯಿತು. ಇಡೀ ದಿನ ನೀರಿನ ಬಟ್ಟಲಿನ ಮುಂದೆ ತಲೆ ತಗ್ಗಿಸಿಕೊಂಡು ಕೂತಿರುತ್ತಿತ್ತು, ಕುಡಿಯುತ್ತಿರಲಿಲ್ಲ. ಮೂರನೆಯ ದಿನ ಸತ್ತುಹೋಯಿತು. ರಕ್ತಪರೀಕ್ಷೆಯಲ್ಲಿ ಬಿಳಿ ರಕ್ತಕಣಗಳು ಬಹಳ ಇಳಿದಿದ್ದವು, ಪ್ಯಾನ್‌ಲ್ಯುಕೋಪೀನಿಯಾ ಎಂದರು. ಲಸಿಕೆ ಹಾಕಿಸಿದ ಮೇಲೂ ಹೀಗೇಕಾಯಿತು? ಇನ್ನೊಂದು ಮರಿ ತರಬಹುದೇ?

ಉತ್ತರ: ನೀವು ವಿವರಿಸಿದ ಆ ಕೂರುವ ರೀತಿಯನ್ನು ಈ ರೋಗ ನೋಡಿದ ಯಾವ ವೈದ್ಯರೂ ಮರೆಯಲಾರರು. ಬಾಯಾರಿಕೆ ಇರುತ್ತದೆ, ಆದರೆ ಹೊಟ್ಟೆ ತೊಳಸುವುದರಿಂದ ಕುಡಿಯಲಾಗುವುದಿಲ್ಲ. ನಿಮ್ಮ ಕಡೆಯಿಂದ ಅಲಕ್ಷ್ಯವಾಗಿಲ್ಲ. ಆದರೆ ಲಸಿಕೆ ಕೊಟ್ಟ ಕ್ರಮದಲ್ಲಿ ಎರಡು ತಪ್ಪುಗಳಾಗಿವೆ.

ಮೊದಲನೆಯದು ವಯಸ್ಸಿನದು, ಇದೇ ಮುಖ್ಯವಾದದ್ದು. ಹಸುವಿನ ಗಿಣ್ಣಿನಿಂದ ಕರುವಿಗೆ ಸಿಗುವಂತೆ, ತಾಯಿಬೆಕ್ಕಿನ ಮೊದಲ ಹಾಲಿನಿಂದ ಮರಿಗೆ ರೋಗನಿರೋಧಕ ಪ್ರತಿಕಾಯಗಳು ಸಿಗುತ್ತವೆ. ಹುಟ್ಟಿದ ಮೊದಲ ವಾರಗಳಲ್ಲಿ ಮರಿಯನ್ನು ಕಾಯುವುದು ಅವೇ. ಆದರೆ ಆ ಪ್ರತಿಕಾಯಗಳಿಗೆ ರೋಗದ ವೈರಾಣು ಯಾವುದು, ಲಸಿಕೆಯಲ್ಲಿರುವ ದುರ್ಬಲಗೊಳಿಸಿದ ವೈರಾಣು ಯಾವುದು ಎಂಬ ಭೇದವಿಲ್ಲದ್ದರಿಂದ, ಅವು ಸಾಕಷ್ಟು ಉಳಿದಿರುವಾಗ ಹಾಕಿದ ಲಸಿಕೆಯನ್ನೂ ಅಳಿಸಿಬಿಡುತ್ತವೆ. ಅವು ಇಳಿಯುತ್ತ ಬಂದಂತೆ ಒಂದು ಅಪಾಯದ ಅವಧಿ ಬರುತ್ತದೆ: ಆಗ ಮರಿಯನ್ನು ರೋಗದಿಂದ ಕಾಪಾಡುವಷ್ಟು ಪ್ರತಿಕಾಯ ಉಳಿದಿರುವುದಿಲ್ಲ, ಲಸಿಕೆಯನ್ನು ಕೆಡಿಸುವಷ್ಟು ಮಾತ್ರ ಇರುತ್ತದೆ. ಈ ಅವಧಿ ಒಂದು ಮರಿಗೆ 8ನೇ ವಾರಕ್ಕೆ ಬಂದರೆ ಇನ್ನೊಂದಕ್ಕೆ 15ನೇ ವಾರಕ್ಕೆ ಬರಬಹುದು. ಒಂದೇ ಸೂಲಿನ ಮರಿಗಳಲ್ಲೂ ವ್ಯತ್ಯಾಸವಿರುತ್ತದೆ, ಹೊರಗಿನಿಂದ ನೋಡಿ ತಿಳಿಯಲು ಬರುವುದಿಲ್ಲ. ಹೀಗಾಗಿಯೇ 6ರಿಂದ 8 ವಾರದೊಳಗೆ ಆರಂಭಿಸಿ, 2ರಿಂದ 4 ವಾರಗಳಿಗೊಮ್ಮೆ ಲಸಿಕೆ ಹಾಕುತ್ತ ಹೋಗಿ, ಕೊನೆಯದು 16 ವಾರ ತುಂಬಿದ ಮೇಲೆ ಬೀಳುವಂತೆ ನೋಡಿಕೊಳ್ಳಬೇಕೆಂದು ವಿಶ್ವ ಸಣ್ಣಪ್ರಾಣಿ ಪಶುವೈದ್ಯ ಸಂಘದ ಮಾರ್ಗಸೂಚಿ ಹೇಳುತ್ತದೆ. ಬಹಳ ಜನ ಎಷ್ಟು ಸೂಜಿ ಆಯಿತು ಎಂದು ಎಣಿಸುತ್ತಾರೆ. ನಾನು ಕಾರ್ಡಿನಲ್ಲಿ ಮೊದಲು ಹುಡುಕುವುದು ಕೊನೆಯ ಸೂಜಿಯ ದಿನ ಮರಿಗೆ ಎಷ್ಟು ವಾರವಾಗಿತ್ತು ಎಂಬುದನ್ನು. ನಿಮ್ಮ ಮರಿಯದು 11ಕ್ಕೇ ನಿಂತಿತ್ತು.

ಎರಡನೆಯದು ಅರ್ಧ ಡೋಸ್. ಲಸಿಕೆಯು ಜ್ವರದ ಔಷಧಿಯಂತೆ ತೂಕ ನೋಡಿ ಅಳೆಯುವಂಥದ್ದಲ್ಲ. ದೇಹದ ರಕ್ಷಣಾ ವ್ಯವಸ್ಥೆಯನ್ನು ಎಚ್ಚರಿಸಲು ಇಂತಿಷ್ಟು ವೈರಾಣು ಬೇಕೇ ಬೇಕು, ಅದು 700 ಗ್ರಾಂ ಮರಿಗೂ 5 ಕಿಲೋ ಗಡವಕ್ಕೂ ಒಂದೇ. ಅರ್ಧ ಕೊಡುವ ಈ ರೂಢಿ ಎಲ್ಲಿಂದ ಬಂತೋ ಕಾಣೆ. ಮರಿಯ ಮೇಲಿನ ಕನಿಕರದಿಂದ ಬಂದಿದ್ದರೂ ಅದು ತಪ್ಪೇ. ಒಂದು ಬಾಟಲಿ ಎಂದರೆ ಒಂದು ಬೆಕ್ಕು. ಅದನ್ನು ನಿಮ್ಮೆದುರಿಗೇ ಕಲಸಿ, ಆಗಲೇ ಹಾಕಬೇಕು. ಹಾಗೆಂದು ಕೇಳುವ ಹಕ್ಕು ನಿಮಗಿದೆ.

ಇನ್ನು ಹೊಸ ಮರಿಯ ವಿಷಯ. ಈ ವೈರಾಣು ಮನೆಯೊಳಗೆ ಒಂದು ವರ್ಷದವರೆಗೂ ಜೀವಂತವಾಗಿರಬಲ್ಲದು. ಫಿನಾಯಿಲ್ ಹಾಕಿ ಒರೆಸಿದ್ದೇವೆ ಎಂದು ಹಲವರು ಹೇಳುತ್ತಾರೆ. ಫಿನಾಯಿಲನ್ನು ಈ ರೋಗಕ್ಕೆ ನಂಬುವಂತಿಲ್ಲ, ಮೇಲಾಗಿ ಬೆಕ್ಕಿಗೆ ಅದು ವಿಷ. ಸಿಮೆಂಟು ಅಥವಾ ಟೈಲ್ಸ್ ನೆಲವಾದರೆ ಮೊದಲು ಸೋಪಿನ ನೀರಿನಿಂದ ತೊಳೆದು, ಅನಂತರ ಒಂದು ಲೀಟರ್ ನೀರಿಗೆ ಸುಮಾರು 30 ಮಿಲಿ ಬ್ಲೀಚ್ ದ್ರಾವಣ ಬೆರೆಸಿ ಹಾಕಿ, 10 ನಿಮಿಷ ಬಿಟ್ಟು ತೊಳೆಯಿರಿ. ಕೊಳೆ ಇರುವಲ್ಲಿ ಬ್ಲೀಚ್ ಕೆಲಸ ಮಾಡದ ಕಾರಣ ಮಣ್ಣು ನೆಲವನ್ನೂ ಸಗಣಿ ಸಾರಿಸಿದ ಕೊಟ್ಟಿಗೆಯನ್ನೂ ಈ ರೀತಿ ಶುದ್ಧಿ ಮಾಡಲಾಗುವುದಿಲ್ಲ. ಮರಿ ಮಲಗುತ್ತಿದ್ದ ಗೋಣಿಚೀಲವನ್ನು ಸುಟ್ಟುಬಿಡಿ. ನಿಮ್ಮ ಪರಿಸ್ಥಿತಿಯಲ್ಲಿ ಲಸಿಕೆಗಳೆಲ್ಲ ಮುಗಿದ ಬೆಕ್ಕನ್ನು ತರುವುದು ಸರಿಯಾದ ದಾರಿ.

ಪ್ರಶ್ನೆ (ಬೆಂಗಳೂರಿನ ಓದುಗರು): ನಮ್ಮ ಬೆಕ್ಕಿಗೆ ಮೂರು ವರ್ಷ. ಏಳನೇ ಮಹಡಿಯ ಫ್ಲ್ಯಾಟಿನಿಂದ ಹೊರಗೇ ಹೋಗುವುದಿಲ್ಲ. ಆದರೂ ಪ್ರತಿ ವರ್ಷ ಎಲ್ಲ ಲಸಿಕೆ ಬೇಕೇ?

ಉತ್ತರ: ಎಲ್ಲವೂ ಪ್ರತಿ ವರ್ಷ ಬೇಕಿಲ್ಲ, ಆದರೆ ಯಾವುದೂ ಬೇಡ ಎನ್ನುವಂತೆಯೂ ಇಲ್ಲ. ಬೆಕ್ಕು ಹೊರಗೆ ಹೋಗದಿದ್ದರೂ ನಿಮ್ಮ ಚಪ್ಪಲಿ ಹೊರಗೆ ಹೋಗಿ ಬರುತ್ತದೆ, ಮೇಲೆ ಹೇಳಿದ ವೈರಾಣುವಿಗೆ ಅಷ್ಟು ಸಾಕು.

ಕ್ಲಿನಿಕ್ಕುಗಳಲ್ಲಿ ಟ್ರೈಕ್ಯಾಟ್ ಎಂದು ಕರೆಯುವ ಲಸಿಕೆಯಲ್ಲಿ ಮೂರು ರೋಗಗಳಿಗೆ ರಕ್ಷಣೆಯಿದೆ: ಪ್ಯಾನ್‌ಲ್ಯುಕೋಪೀನಿಯಾ, ಹರ್ಪಿಸ್, ಕ್ಯಾಲಿಸಿ. ಮರಿಯಲ್ಲಿ ಸರಿಯಾಗಿ ಮುಗಿಸಿ, ಆರು ತಿಂಗಳ ಸುಮಾರಿಗೆ ಇನ್ನೊಂದು ಹಾಕಿಸಿದ್ದರೆ, ಜೀವಂತ ವೈರಾಣುವಿನ ಲಸಿಕೆಯಾದಲ್ಲಿ ಪ್ಯಾನ್‌ಲ್ಯುಕೋಪೀನಿಯಾಕ್ಕೆ ಮೂರು ವರ್ಷಕ್ಕೊಮ್ಮೆ ಸಾಕು. ಉಳಿದೆರಡು ಶೀತ, ಕಣ್ಣುರಿ, ಬಾಯಿಹುಣ್ಣು ತರುವ ರೋಗಗಳು. ಲಸಿಕೆ ಇವುಗಳ ತೀವ್ರತೆಯನ್ನು ತಗ್ಗಿಸುತ್ತದೆ, ಸೋಂಕನ್ನೇ ಪೂರ್ತಿ ತಡೆಯುವುದಿಲ್ಲ. ಹರ್ಪಿಸ್ ಒಮ್ಮೆ ಹೊಕ್ಕರೆ ಜೀವಮಾನವಿಡೀ ನರಗಳಲ್ಲಿ ಅಡಗಿದ್ದು, ಮನೆ ಬದಲಾವಣೆಯಂಥ ಒತ್ತಡದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಹಬ್ಬಕ್ಕೆ ಊರಿಗೆ ಹೋಗುವಾಗ ಬೆಕ್ಕನ್ನು ಬೋರ್ಡಿಂಗಿನಲ್ಲಿ ಬಿಡುವವರು ಈ ಲಸಿಕೆಯನ್ನು ವರ್ಷಕ್ಕೊಮ್ಮೆ ಹಾಕಿಸುವುದು ಒಳ್ಳೆಯದು.

ರೇಬೀಸ್ ವಿಷಯದಲ್ಲಿ ನಾನು ಚೌಕಾಸಿಗೆ ಇಳಿಯುವುದಿಲ್ಲ. ಮರಿಗೆ 12 ವಾರ ತುಂಬಿದ ಮೇಲೆ ಮೊದಲನೆಯದು, ಅನಂತರ ವರ್ಷಕ್ಕೊಮ್ಮೆ ಹಾಕಿಸಿ. ಬಾಗಿಲು ತೆರೆದ ಒಂದು ಕ್ಷಣದಲ್ಲಿ ಮೆಟ್ಟಿಲಿಳಿದು ಹೋದ ಬೆಕ್ಕು ಮೂರು ದಿನದ ಮೇಲೆ ಮೈಮೇಲೆ ಗಾಯದೊಂದಿಗೆ ಸಿಕ್ಕರೆ, ಕಚ್ಚಿದ್ದು ಯಾವುದೆಂದು ಅದನ್ನು ಕೇಳಲಾಗುವುದಿಲ್ಲ.

ಲಸಿಕೆ ಇಲ್ಲದ ವರ್ಷವೂ ತಪಾಸಣೆಗೆ ಬನ್ನಿ. ತೂಕವೊಂದೇ ಎಷ್ಟೋ ಹೇಳುತ್ತದೆ. ನಾಲ್ಕು ಕಿಲೋ ಬೆಕ್ಕು 400 ಗ್ರಾಂ ಇಳಿದರೆ ಅದು ದೇಹದ ಹತ್ತನೇ ಒಂದು ಭಾಗ. ಮನೆಯವರ ಕಣ್ಣಿಗೆ ಕಾಣದ ಈ ಇಳಿಕೆ ವಯಸ್ಸಾದ ಬೆಕ್ಕುಗಳಲ್ಲಿ ಹಲವು ಸಲ ಮೂತ್ರಪಿಂಡದ ರೋಗದ ಆರಂಭವಾಗಿರುತ್ತದೆ.

ಪ್ರಶ್ನೆ (ಹುಬ್ಬಳ್ಳಿಯ ಓದುಗರು): ನಿನ್ನೆ ಸಂಜೆ ನಮ್ಮ ಬೆಕ್ಕು ಮಗನ ಕೈ ಪರಚಿ ರಕ್ತ ಬಂತು. ಅದಕ್ಕೆ ಯಾವ ಲಸಿಕೆಯೂ ಆಗಿಲ್ಲ, ಓಣಿಯಲ್ಲೆಲ್ಲ ತಿರುಗುತ್ತದೆ. ನಮ್ಮ ಅತ್ತೆಯವರು ಅರಿಸಿನ, ಸುಣ್ಣ ಹಚ್ಚಿದ್ದಾರೆ. ಈಗ ಬೆಕ್ಕಿಗೆ ರೇಬೀಸ್ ಲಸಿಕೆ ಹಾಕಿಸಿದರೆ ಸಾಕೇ?

ಉತ್ತರ: ಸಾಲದು. ಇದನ್ನು ಓದಿದ ತಕ್ಷಣ ಹಚ್ಚಿದ್ದನ್ನು ತೆಗೆದು, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ಗಾಯ ತೊಳೆಯಿರಿ, ಮತ್ತು ಇವತ್ತೇ ಮಗನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ರಕ್ತ ಬಂದಿರುವ ಗಾಯವನ್ನು ಹೆಚ್ಚಿನ ಅಪಾಯದ್ದೆಂದು ಪರಿಗಣಿಸಿ ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೋಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೊಡಬೇಕಾಗುತ್ತದೆ, ಅದನ್ನು ಅಲ್ಲಿನ ವೈದ್ಯರು ನೋಡಿ ನಿರ್ಧರಿಸುತ್ತಾರೆ. ನಾನು ಪಶುವೈದ್ಯ, ಮಗುವಿನ ಚಿಕಿತ್ಸೆಯನ್ನು ಇಲ್ಲಿಂದ ಬರೆದುಕೊಡುವುದು ಸರಿಯಲ್ಲ. ಚರ್ಮದ ಪದರಕ್ಕೆ ಕೊಡುವ ಕ್ರಮದಲ್ಲಿ 0, 3, 7 ಮತ್ತು 28ನೇ ದಿನ ಲಸಿಕೆ ಇರುತ್ತದೆ. ಒಂದೂ ತಪ್ಪದಂತೆ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಬೆಕ್ಕನ್ನು ಒಂದು ಕೋಣೆಯಲ್ಲಿಟ್ಟು 10 ದಿನ ಗಮನಿಸಿ. ಈ ಹತ್ತು ದಿನಗಳಲ್ಲಿ ಅದಕ್ಕೆ ಲಸಿಕೆ ಹಾಕಿಸಬೇಡಿ, ಲಸಿಕೆಯಿಂದ ಬರುವ ಮಂಕು ಯಾವುದು, ರೋಗದ ಲಕ್ಷಣ ಯಾವುದು ಎಂಬ ಗೊಂದಲವಾಗುತ್ತದೆ. ಹನ್ನೊಂದನೆಯ ದಿನ ಆರೋಗ್ಯವಾಗಿದ್ದರೆ ನೇರ ಪಶು ಆಸ್ಪತ್ರೆಗೆ ಒಯ್ಯಿರಿ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಆಸುಪಾಸಿನಲ್ಲಿ ಹಲವೆಡೆ ಉಚಿತ ಲಸಿಕಾ ಶಿಬಿರಗಳಿರುತ್ತವೆ, ಆದರೆ ಅಲ್ಲಿಯವರೆಗೆ ಕಾಯಬೇಡಿ.

ಪ್ರಶ್ನೆ (ಮಂಗಳೂರಿನ ಓದುಗರು): ಚುಚ್ಚಿದ ಜಾಗದಲ್ಲಿ ಕಡಲೆಕಾಳಿನಷ್ಟು ಗಂಟು ಇದೆ, ಎರಡು ವಾರವಾಯಿತು. ಗಾಬರಿಯಾಗಿದೆ.

ಉತ್ತರ: ಎರಡು ವಾರಕ್ಕೆ ಗಾಬರಿ ಬೇಡ, ಹೆಚ್ಚಿನವು ತಾವಾಗಿಯೇ ಕರಗುತ್ತವೆ. ಗಂಟು ಮೂರು ತಿಂಗಳಾದರೂ ಉಳಿದರೆ, ಎರಡು ಸೆಂಟಿಮೀಟರಿಗಿಂತ ದೊಡ್ಡದಾದರೆ, ಅಥವಾ ಒಂದು ತಿಂಗಳ ನಂತರವೂ ಬೆಳೆಯುತ್ತಲೇ ಇದ್ದರೆ, ಈ ಮೂರರಲ್ಲಿ ಯಾವುದೊಂದಾದರೂ ಅದರ ತುಣುಕನ್ನು ತೆಗೆದು ಪರೀಕ್ಷಿಸಲೇಬೇಕು. ಬಹಳ ಅಪರೂಪಕ್ಕೆ ಬೆಕ್ಕುಗಳಲ್ಲಿ ಆ ಜಾಗದಲ್ಲಿ ಗಡ್ಡೆಯ ಕ್ಯಾನ್ಸರ್ ಬರುವುದುಂಟು. ಹೆಗಲುಗಳ ನಡುವೆ ಹಾಕುವುದನ್ನು ಬಿಟ್ಟು ಕಾಲಿನ ಕೆಳಭಾಗದಲ್ಲಿ ಹಾಕುವಂತೆ ಹೇಳುವುದೂ ಇದೇ ಕಾರಣಕ್ಕೆ, ಅಲ್ಲಿ ಗಡ್ಡೆಯಾದರೆ ಪೂರ್ತಿ ತೆಗೆದುಹಾಕಲು ಸಾಧ್ಯ.

ಪ್ರಶ್ನೆ (ಮೈಸೂರಿನ ಓದುಗರು): ಬೆಕ್ಕಿನ ಮಲದಲ್ಲಿ ಅಕ್ಕಿಕಾಳಿನಂಥವು ಕಾಣುತ್ತಿವೆ. ಮೈಯಲ್ಲಿ ಚಿಗಟವೂ ಇದೆ. ನಾಯಿಗೆ ತಂದ ಔಷಧಿ ಮನೆಯಲ್ಲಿದೆ, ಅದನ್ನೇ ಸ್ವಲ್ಪ ಹಚ್ಚಬಹುದೇ?

ಉತ್ತರ: ಖಂಡಿತ ಹಚ್ಚಬೇಡಿ. ನಾಯಿಗಳ ಎಷ್ಟೋ ಚಿಗಟ ಮತ್ತು ಉಣ್ಣೆಯ ಔಷಧಿಗಳಲ್ಲಿ ಪರ್ಮೆಥ್ರಿನ್ ಇರುತ್ತದೆ, ಬೆಕ್ಕಿನ ಯಕೃತ್ತು ಅದನ್ನು ಅರಗಿಸಲಾರದು. ಹಚ್ಚಿದ ಕೆಲವೇ ಗಂಟೆಗಳಲ್ಲಿ ಮೈ ನಡುಗಿ ಫಿಟ್ಸ್ ಬಂದ ಬೆಕ್ಕುಗಳನ್ನು ನೋಡಿದ್ದೇನೆ. ನೀವು ಕಂಡದ್ದು ಲಾಡಿಹುಳದ ತುಂಡುಗಳು, ಚಿಗಟವನ್ನು ನೆಕ್ಕಿ ನುಂಗುವುದರಿಂದಲೇ ಅದು ಹೊಟ್ಟೆ ಸೇರುತ್ತದೆ. ಎರಡಕ್ಕೂ ಒಟ್ಟಿಗೆ ಔಷಧಿ ಮಾಡದಿದ್ದರೆ ಮುಂದಿನ ತಿಂಗಳು ಮತ್ತೆ ಇದೇ ಪ್ರಶ್ನೆ ಬರುತ್ತದೆ. ಲಾಡಿಹುಳಕ್ಕೆ ಪ್ರಾಜಿಕ್ವಾಂಟೆಲ್ ಇರುವ ಮಾತ್ರೆಯೇ ಆಗಬೇಕು, ತೂಕ ನೋಡಿಯೇ ಕೊಡಿಸಿ.

ಮತ್ತೆ ಸಾಗರದ ಓದುಗರು: ವಿವರವಾದ ಉತ್ತರಕ್ಕೆ ಧನ್ಯವಾದಗಳು, ಡಾಕ್ಟರೇ. ಶಿವಮೊಗ್ಗದಲ್ಲಿ ತಂಗಿಯ ಮನೆಯ ಬೆಕ್ಕು ಮರಿ ಹಾಕಿದೆ. ಮರಿಗಳಿಗೆ ಈಗ 7 ವಾರ. ಒಂದನ್ನು ಯಾವಾಗ ತರಲಿ?

ಉತ್ತರ: ಅದು ಅಲ್ಲೇ ಬೆಳೆಯಲಿ. ಮುಂದಿನ ವಾರ, ಅಂದರೆ 8ಕ್ಕೆ, ಮೊದಲನೆಯ ಟ್ರೈಕ್ಯಾಟ್ ಹಾಕಿಸಲಿ, ಪೂರ್ತಿ ಡೋಸ್. ಎರಡನೆಯದು 12ಕ್ಕೆ, ಮೂರನೆಯದು 16ಕ್ಕೆ. ರೇಬೀಸನ್ನು ಆ ಕೊನೆಯ ಭೇಟಿಯಲ್ಲೇ ಬೇರೆ ಕಾಲಿಗೆ ಹಾಕಿಸಬಹುದು. ಜಂತುಹುಳದ ಔಷಧಿ ಈಗಲೇ ಆರಂಭವಾಗಲಿ, ದುಂಡುಹುಳು ತಾಯಿಹಾಲಿನಿಂದಲೇ ಮರಿಗೆ ಬರುವುದರಿಂದ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಬೇಕು. 16ನೇ ವಾರದ ಲಸಿಕೆಯಾಗಿ ಎರಡು ವಾರ ಕಳೆದ ಮೇಲೆ ನೀವು ಹೋಗಿ ಕರೆತನ್ನಿ. ಬರುವಾಗ ಕಾರ್ಡನ್ನು ಮರೆಯಬೇಡಿ, ಅದರಲ್ಲಿ ಬರೀ ದಿನಾಂಕ ಮತ್ತು ಸಹಿ ಸಾಲದು, ಬಾಟಲಿಯಿಂದ ಬಿಡಿಸಿದ ಚೀಟಿ ಪ್ರತಿ ಸಲವೂ ಅಂಟಿಸಿರಬೇಕು. ಮೂರು ಟ್ರೈಕ್ಯಾಟ್, ಒಂದು ರೇಬೀಸ್, ಒಟ್ಟು ನಾಲ್ಕು ಚೀಟಿ.