ಮೆಕ್ಸಿಕೋ–ಇಟಲಿ ಬೆರಕೆ ಊಟಕ್ಕೆ ಹಿರಿಯರನ್ನು ಕರೆದೊಯ್ದರೆ ಏನನ್ನು ತರಿಸಬೇಕು?

ವಿದ್ಯಾನಗರದವರು, ದಾವಣಗೆರೆ (ಪ್ರಶ್ನೆ)

ನಮ್ಮ ಅಪ್ಪ-ಅಮ್ಮನ ಮದುವೆಯಾಗಿ ಬರುವ ತಿಂಗಳಿಗೆ 40 ವರ್ಷ ತುಂಬುತ್ತದೆ. ಆ ದಿನ ಮನೆಮಂದಿ ಐವರೂ ಹೊರಗೆ ಊಟ ಮಾಡುವುದೆಂದು ತೀರ್ಮಾನವಾಗಿದೆ. ಎಲ್ಲಿಗೆ ಎಂಬ ಮಾತು ಬಂದಾಗ ಪಿಯುಸಿ ಓದುತ್ತಿರುವ ನನ್ನ ಮಗಳು, ಊರಿನಲ್ಲಿ ಹೊಸದಾಗಿ ತೆರೆದಿರುವ, ಮೆಕ್ಸಿಕೋ ಮತ್ತು ಇಟಲಿಯ ಅಡುಗೆಗಳನ್ನು ಬೆರೆಸಿ ಬಡಿಸುವ ರೆಸ್ಟೋರೆಂಟಿಗೇ ಹೋಗಬೇಕೆಂದು ಹಟ ಹಿಡಿದಿದ್ದಾಳೆ. ಅಮ್ಮ ನಗುತ್ತಲೇ ಒಪ್ಪಿದರು. ಅಪ್ಪ ಒಪ್ಪಲೂ ಇಲ್ಲ, ಬೇಡವೆನ್ನಲೂ ಇಲ್ಲ. "ಬರ್ತಾ ಮಂಡಕ್ಕಿ ಕಟ್ಟಿಸ್ಕೊಂಡ್ ಬಂದ್ರಾತು" ಎಂದಷ್ಟೇ ಹೇಳಿ ಪೇಪರ್ ತೆರೆದರು.

ನಾನು ಹಿಂಜರಿಯುವುದಕ್ಕೆ ಕಾರಣವಿದೆ. ಮೂರು ವರ್ಷದ ಹಿಂದೆ ಬೆಂಗಳೂರಿನಲ್ಲಿ ಇಂಥದೇ ಒಂದು ಹೋಟೆಲಿಗೆ ಸಹೋದ್ಯೋಗಿಗಳೊಂದಿಗೆ ಹೋಗಿದ್ದೆ. ಪನೀರ್ ಟಿಕ್ಕಾ ತುಂಬಿ ಮಡಚಿದ ರೊಟ್ಟಿಯಂಥ ಟಾಕೋ, ಅದರ ಮೇಲೆ ಬಿಳಿ ಸಾಸು, ಅದರ ಮೇಲೆ ಮತ್ತೆ ಚೀಸು. ಮಾತಿನಲ್ಲಿ ಹತ್ತು ನಿಮಿಷ ಕಳೆಯುವಷ್ಟರಲ್ಲಿ ಆ ಚೀಸು ಹೆಪ್ಪುಗಟ್ಟಿ, ಫೋರ್ಕ್ ಎತ್ತಿದರೆ ತಟ್ಟೆಯೂ ಜೊತೆಗೇ ಮೇಲೇಳುತ್ತಿತ್ತು. ಅದು ಮೆಕ್ಸಿಕೋದ್ದೋ, ಇಟಲಿಯದೋ, ದಿಲ್ಲಿಯದೋ ಎಂದು ನನಗೆ ಇಂದಿಗೂ ತಿಳಿದಿಲ್ಲ.

ನಾವು ಅಪ್ಪಟ ಸಸ್ಯಾಹಾರಿಗಳು. ಅಮ್ಮ ಮೊಟ್ಟೆ ತಾಗಿದ್ದನ್ನೂ ಮುಟ್ಟುವುದಿಲ್ಲ. ಅಪ್ಪನಿಗೆ 72 ವರ್ಷ, ಕಟ್ಟಿಸಿದ ಹಲ್ಲು, ಬಿ.ಪಿ. ಇರುವುದರಿಂದ ಉಪ್ಪು ಮಿತವಾಗಿರಬೇಕು. ಅಂಥವರು ಅಲ್ಲಿ ನೆಮ್ಮದಿಯಾಗಿ ಏನನ್ನು ತಿನ್ನಬಹುದು? ಮಾಣಿಯನ್ನು ಮೊದಲೇ ಏನೇನು ಕೇಳಿಕೊಳ್ಳಬೇಕು? ಅದಕ್ಕಿಂತ ಹೆಚ್ಚಾಗಿ, ಈ ಎರಡು ದೇಶಗಳ ಅಡುಗೆಯನ್ನು ಒಂದೇ ತಟ್ಟೆಗೆ ತರುವುದರಲ್ಲಿ ಏನಾದರೂ ಅರ್ಥವಿದೆಯೇ, ಅಥವಾ ಇದು ಬರೀ ಬೋರ್ಡಿನ ಮೇಲಿನ ಬೆಡಗೇ?

ಪಿ.ಜೆ. ಬಡಾವಣೆ

ನಾವು ಹೋದ ತಿಂಗಳು ಹೋಗಿದ್ದೆವು. ಜಾಗ ಚೊಕ್ಕಟವಾಗಿದೆ, ಹಾಡಿನ ಸದ್ದು ಜೋರು. ಹಿರಿಯರಿದ್ದಾರೆಂದು ಹೇಳಿದರೆ ತಗ್ಗಿಸುತ್ತಾರೆ. ಪಾಸ್ತಾವನ್ನು ಇಟಲಿಯ ಪದ್ಧತಿಯಂತೆ ಹಲ್ಲಿಗೆ ಸ್ವಲ್ಪ ಗಟ್ಟಿ ಸಿಗುವ ಹದಕ್ಕೆ ಬೇಯಿಸುವುದರಿಂದ, ನಮ್ಮ ಮಾವ ಅದನ್ನು ಅರೆಬೆಂದದ್ದೆಂದು ತಿಳಿದು ವಾಪಸ್ ಕಳಿಸಿದರು. ನಿಮ್ಮ ತಂದೆಯವರಿಗೆ "ಇನ್ನೆರಡು ನಿಮಿಷ ಹೆಚ್ಚು ಬೇಯಿಸಿ" ಎಂದು ಮೊದಲೇ ಹೇಳಿಬಿಡಿ. ಗರಿಗರಿ ಟಾಕೋ ಚಿಪ್ಪು ಕಟ್ಟಿಸಿದ ಹಲ್ಲಿಗೆ ಖಂಡಿತ ಬೇಡ, ಮೆತ್ತನೆಯದನ್ನು ಕೇಳಿ.

ಬಿಲ್ಲಿನಲ್ಲಿ ಸೇವಾ ಶುಲ್ಕ ಎಂದು ಶೇ. 10 ಸೇರಿಸಿದ್ದರು. ಅದು ಕಡ್ಡಾಯವಲ್ಲ. ಹೋಟೆಲಿನವರು ತಾವಾಗಿಯೇ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು, 2025ರ ಮಾರ್ಚ್‌ನಲ್ಲಿ ದಿಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ನಾವು ಸೌಜನ್ಯದಿಂದ ಕೇಳಿದ ಕೂಡಲೇ ತೆಗೆದರು.

ಪುಯೆಬ್ಲಾದಿಂದ ಮರಳಿದವನು

ನಾನು ಮೆಕ್ಸಿಕೋದ ಪುಯೆಬ್ಲಾ ನಗರದ ಕಾರ್ಖಾನೆಯೊಂದರಲ್ಲಿ ಆರು ವರ್ಷ ದುಡಿದು ದಾವಣಗೆರೆಗೆ ವಾಪಸ್ ಬಂದವನು. ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದು ಬಗೆಹರಿದರೆ ಏನನ್ನು ತರಿಸಬೇಕೆಂಬುದು ಅರ್ಧ ಬಗೆಹರಿದಂತೆ.

ಇಟಲಿಯ ಅಡುಗೆ ಎಂದೊಡನೆ ನಮ್ಮ ಕಣ್ಮುಂದೆ ಬರುವ ಕೆಂಪು ಸಾಸಿನ ಟೊಮೆಟೊ ಇಟಲಿಯಲ್ಲಿ ಹುಟ್ಟಿದ್ದಲ್ಲ. ಮೆಕ್ಸಿಕೋದ ನಾವಾಟ್ಲ್ ಭಾಷೆಯ 'ತೊಮಾಟ್ಲ್' ಎಂಬ ಮಾತೇ ಸವೆದು ಟೊಮೆಟೊ ಆಗಿದೆ. 1521ರಲ್ಲಿ ಸ್ಪೇನಿನವರು ಆ ನಾಡನ್ನು ಗೆದ್ದ ಮೇಲೆ ಆ ಹಣ್ಣು ಕಡಲು ದಾಟಿತು. ಇಟಲಿಯ ಅಡುಗೆ ಪುಸ್ತಕದಲ್ಲಿ ಟೊಮೆಟೊ ಸಾಸು ಕಾಣಿಸಿಕೊಂಡದ್ದು 1690ರ ದಶಕದಲ್ಲಿ, ಅದೂ 'ಸ್ಪೇನಿನವರ ರೀತಿಯದು' ಎಂಬ ಹೆಸರು ಹೊತ್ತು. ಮೆಣಸಿನಕಾಯಿಯೂ ಆ ಕಡೆಯದೇ, ನಮ್ಮಲ್ಲಿಗೆ ಅದನ್ನು ತಂದವರು ಪೋರ್ಚುಗೀಸರು. ಬಣ್ಣ ಹೆಚ್ಚು, ಖಾರ ಕಡಿಮೆ ಇರುವ ನಮ್ಮ ಬ್ಯಾಡಗಿ ಮೆಣಸಿನಕಾಯಿಗೂ ಅಲ್ಲಿನ 'ಗ್ವಾಹಿಯೊ' ಮೆಣಸಿನಕಾಯಿಗೂ ಗುಣದಲ್ಲಿ ಎಷ್ಟು ಹತ್ತಿರವೆಂದರೆ, ಪುಯೆಬ್ಲಾದಲ್ಲಿ ನಾನು ಅದನ್ನೇ ಹುರಿದು ಸಾರಿನ ಪುಡಿ ಮಾಡಿಕೊಳ್ಳುತ್ತಿದ್ದೆ.

ಇನ್ನು ಮೆಕ್ಕೆಜೋಳದ ಸಂಗತಿ ನಮ್ಮ ಜಿಲ್ಲೆಯವರಿಗೆ ತಿಳಿದಿರಲೇಬೇಕು. ಸುಗ್ಗಿಯ ಕಾಲಕ್ಕೆ ರಸ್ತೆಯ ಅರ್ಧ ಭಾಗದುದ್ದಕ್ಕೂ ನಾವು ಒಣಹಾಕುವ ಈ ಕಾಳಿನ ಬಹುಪಾಲು ಕೋಳಿ ಆಹಾರಕ್ಕೂ ಸ್ಟಾರ್ಚ್ ಕಾರ್ಖಾನೆಗೂ ಹೋಗುತ್ತದೆ. ಮೆಕ್ಸಿಕೋದವರು ಅದನ್ನು ಸಾವಿರಾರು ವರ್ಷಗಳಿಂದ ಸುಣ್ಣದ ನೀರಿನಲ್ಲಿ ಕುದಿಸಿ, ರಾತ್ರಿಯಿಡೀ ನೆನೆಯಲು ಬಿಟ್ಟು, ಬೆಳಿಗ್ಗೆ ಉಜ್ಜಿ ಸಿಪ್ಪೆ ತೆಗೆದು, ತೊಳೆದು, ಕಲ್ಲಿನಲ್ಲಿ ಅರೆದು ಹಿಟ್ಟು ಮಾಡಿಕೊಳ್ಳುತ್ತಾರೆ. ಸುಣ್ಣ ಸೇರಿದ ಹಿಟ್ಟಿಗೆ ಅಂಟು ಬರುತ್ತದೆ, ಲಟ್ಟಿಸಿದರೆ ಹರಿಯುವುದಿಲ್ಲ. ಕಾಳಿನೊಳಗೆ ಬಿಗಿದುಕೊಂಡಿರುವ ನಿಯಾಸಿನ್ ಎಂಬ ಜೀವಸತ್ವವೂ ಬಿಡುಗಡೆಯಾಗಿ ಮೈಗೆ ಹತ್ತುತ್ತದೆ. ಕಾಳನ್ನು ಒಯ್ದ ಯುರೋಪಿನವರು ಸುಣ್ಣದ ಈ ವಿದ್ಯೆಯನ್ನು ಮಾತ್ರ ಅಲ್ಲೇ ಬಿಟ್ಟರು. ಉತ್ತರ ಇಟಲಿಯ ಬಡ ರೈತರು ಮೆಕ್ಕೆಜೋಳದ ಗಂಜಿಯಂಥ 'ಪೊಲೆಂಟಾ'ವನ್ನೇ ಮೂರು ಹೊತ್ತೂ ತಿಂದು, ಚರ್ಮ ಒರಟಾಗಿ ಬಿರಿಯುವ, ಕೊನೆಗೆ ಬುದ್ಧಿ ಭ್ರಮಣೆಗೂ ಒಯ್ಯುವ ಕಾಯಿಲೆಗೆ ಸಿಕ್ಕಿಕೊಂಡರು. 1771ರಲ್ಲಿ ಅದಕ್ಕೆ 'ಪೆಲಾಗ್ರ' ಎಂದು ಹೆಸರಿಟ್ಟವನೂ ಇಟಲಿಯ ವೈದ್ಯನೇ. ಇಷ್ಟೆಲ್ಲ ಹೇಳಿದ್ದು ಏಕೆಂದರೆ, ಈ ಎರಡು ಅಡುಗೆಗಳ ನಂಟು ಒಂದೇ ಕಾಳು, ಒಂದೇ ಹಣ್ಣಿನ ಮೂಲಕ ಐನೂರು ವರ್ಷದಿಂದ ಇದ್ದೇ ಇದೆ. ರೆಸ್ಟೋರೆಂಟಿನವರು ಹೊಸದಾಗಿ ಬೆಸೆಯುವ ಅಗತ್ಯವೇ ಇಲ್ಲ.

ಪುಯೆಬ್ಲಾದ ಸಮೀಪದಲ್ಲೇ ಚಿಪಿಲೋ ಎಂಬ ಊರಿದೆ. ಅಲ್ಲಿ 1882ರಲ್ಲಿ ಇಟಲಿಯ ವೆನೆತೊ ಪ್ರಾಂತ್ಯದಿಂದ ವಲಸೆ ಬಂದವರ ಮೊಮ್ಮಕ್ಕಳು, ಮರಿಮಕ್ಕಳು ಇಂದಿಗೂ ಮನೆಯಲ್ಲಿ ತಮ್ಮ ಹಳೆಯ ಮಾತನ್ನೇ ಆಡುತ್ತಾ ಹೈನು ಸಾಕಿಕೊಂಡಿದ್ದಾರೆ. ಭಾನುವಾರ ಚೀಸು ಕೊಳ್ಳಲು ಹೋದರೆ ಒಂದೇ ಅಂಗಡಿಯಲ್ಲಿ ಸ್ಪ್ಯಾನಿಷ್ ಮಾತೂ ವೆನೆತೊ ಮಾತೂ ಕಿವಿಗೆ ಬೀಳುತ್ತಿದ್ದವು. ಮೆಕ್ಸಿಕೋದ ಮನೆಗಳಲ್ಲಿ ಮಾಡುವ 'ಫಿದೇಒ ಸೆಕೊ' ಎಂಬ ತಿಂಡಿಯಲ್ಲಿ ಶ್ಯಾವಿಗೆಯನ್ನು ಎಣ್ಣೆಯಲ್ಲಿ ಕೆಂಪಗೆ ಹುರಿದು, ಟೊಮೆಟೊ ಮತ್ತು ಒಣಮೆಣಸಿನ ರಸದಲ್ಲಿ ನೀರು ಇಂಗುವವರೆಗೆ ಬೇಯಿಸುತ್ತಾರೆ. ಅದನ್ನು ಮೊದಲ ಸಲ ಬಾಯಿಗಿಟ್ಟಾಗ ನನಗೆ ನೆನಪಾದದ್ದು ನಮ್ಮ ಶ್ಯಾವಿಗೆ ಉಪ್ಪಿಟ್ಟು. ಪಟ್ಟಿಯಲ್ಲಿ ಅದೇನಾದರೂ ಇದ್ದರೆ ನಿಮ್ಮ ತಂದೆಯವರಿಗೆ ಅದನ್ನೇ ತರಿಸಿ. ಇಲ್ಲವಾದರೆ ಹುರಿದ ಟೊಮೆಟೊ ಸಾಸಿನ ಪಾಸ್ತಾ, ಬೀನ್ಸ್ ತುಂಬಿದ ಮೆತ್ತನೆಯ ಮೆಕ್ಕೆಜೋಳದ ಟೋರ್ಟಿಯಾ ಎಂಬ ತೆಳು ರೊಟ್ಟಿ, ಅಥವಾ ಲಸಾನ್ಯ ಎಂಬ ಪದರ ಪಾಸ್ತಾದ ಹಾಳೆಗಳ ಜಾಗದಲ್ಲಿ ಟೋರ್ಟಿಯಾವನ್ನೇ ಪದರ ಪದರವಾಗಿ ಜೋಡಿಸಿದ ಖಾದ್ಯ ಆದೀತು. ಟೊಮೆಟೊ, ಮೆಣಸಿನಕಾಯಿ, ಮೆಕ್ಕೆಜೋಳ ಮುಂದೆ ನಿಂತು ಚೀಸು ಹಿಂದೆ ಸರಿದಿರುವ ಕಡೆ ಬೆರಕೆ ಹೊಂದುತ್ತದೆ. ನಿಮಗೆ ಬೆಂಗಳೂರಿನಲ್ಲಿ ಸಿಕ್ಕಿದ್ದು ಬರೀ ಚೀಸು.

ದುರ್ಗದ ಅಡುಗೆಯವನು

ಮೇಲಿನವರು ಇತಿಹಾಸವನ್ನು ಚೆನ್ನಾಗಿ ಹೇಳಿದ್ದಾರೆ. ಹದಿನೈದು ವರ್ಷ ಹೋಟೆಲುಗಳ ಅಡುಗೆಮನೆಯಲ್ಲಿ ದುಡಿದು ಈಗ ಚಿತ್ರದುರ್ಗದಲ್ಲಿ ಕೇಟರಿಂಗ್ ನಡೆಸುತ್ತಿರುವ ನಾನು, ನಿಮ್ಮ ತಾಯಿಯವರ ಸಲುವಾಗಿ ಸಸ್ಯಾಹಾರದ ಕಡೆಯಿಂದ ಕೆಲವು ಮಾತು ಸೇರಿಸುತ್ತೇನೆ.

'ವೆಜ್' ಎಂದು ಬರೆದದ್ದೆಲ್ಲವೂ ನಿಮ್ಮ ಮನೆಯ ಅರ್ಥದಲ್ಲಿ ಸಸ್ಯಾಹಾರವಾಗಿರಬೇಕೆಂದಿಲ್ಲ. ನಿಜವಾದ ಪಾರ್ಮಿಜಾನೊ ಚೀಸಿನ ಹಾಲನ್ನು ಒಡೆಯಲು ಎಳೆಗರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬ ಹೆಪ್ಪನ್ನು ಬಳಸುತ್ತಾರೆ, ಅಲ್ಲಿನ ನಿಯಮವೇ ಹಾಗಿದೆ. ಆದ್ದರಿಂದ ಆಮದು ಚೀಸು ಬಳಸುತ್ತಾರೆಯೇ ಎಂದು ಕೇಳಿ, ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನು ತೋರಿಸಲು ಹೇಳಿ. ಹಾಗೆ ಕೇಳುವುದರಲ್ಲಿ ಸಂಕೋಚವೇನಿಲ್ಲ. ಪೆಸ್ಟೊ ಸಾಸಿನಲ್ಲೂ ಅದೇ ಚೀಸು ಇರುತ್ತದೆ. ರಿಸೊಟ್ಟೊ ಎಂಬ ಅನ್ನದ ಖಾದ್ಯ ಮೆತ್ತಗೆ ಹುಗ್ಗಿಯ ಹದದಲ್ಲಿರುವುದರಿಂದ ತಂದೆಯವರ ಹಲ್ಲಿಗೆ ಹೇಳಿ ಮಾಡಿಸಿದಂತಿರುತ್ತದೆ, ಆದರೆ ಅದನ್ನು ಬೇಯಿಸುವ ಸ್ಟಾಕ್ ಎಂಬ ಕುದಿಸಿ ಸೋಸಿದ ರಸ ತರಕಾರಿಯದೋ ಕೋಳಿಯದೋ ಎಂದು ವಿಚಾರಿಸಿ. ಒಣ ಪಾಸ್ತಾದಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುವುದಿಲ್ಲ, ಅಲ್ಲೇ ನಾದಿ ಮಾಡಿದ ತಾಜಾ ಪಾಸ್ತಾದಲ್ಲಿ ಇರುತ್ತದೆ. ತಿರಮಿಸು ಎಂಬ ಸಿಹಿಯಲ್ಲಿ ಮೊಟ್ಟೆಯ ಜೊತೆಗೆ ಕೆಲವೆಡೆ ಮದ್ಯವೂ ಸೇರುತ್ತದೆ. ಮೆಕ್ಸಿಕೋದಲ್ಲಿ ಬೀನ್ಸನ್ನು ಹಂದಿಯ ಕೊಬ್ಬಿನಲ್ಲಿ ಬಾಡಿಸುವ ರೂಢಿಯಿದೆ. ನಮ್ಮಲ್ಲಿ ಬಹುತೇಕ ಎಣ್ಣೆಯನ್ನೇ ಬಳಸಿದರೂ ಒಂದು ಮಾತು ಕೇಳಿದರೆ ನಷ್ಟವಿಲ್ಲ.

ಪಟ್ಟಿಯಲ್ಲಿ ಸೀಸರ್ ಸಲಾಡ್ ಇದ್ದರೆ ಮಗಳಿಗೆ ಅದರ ಕಥೆ ಹೇಳಿ. 1924ರಲ್ಲಿ ಮೆಕ್ಸಿಕೋದ ತಿಹ್ವಾನಾ ಪಟ್ಟಣದಲ್ಲಿ ಹೋಟೆಲ್ ನಡೆಸುತ್ತಿದ್ದ ಸೀಸರ್ ಕಾರ್ಡಿನಿ ಎಂಬ ಇಟಲಿಯ ವಲಸೆಗಾರನ ಹೆಸರೇ ಅದಕ್ಕೆ ಅಂಟಿಕೊಂಡಿದೆ, ಹಾಗಾಗಿ ಈ ಬೆರಕೆಗೆ ನೂರು ವರ್ಷ ಆಗಿಹೋಯಿತು. ತಿನ್ನಲು ಮಾತ್ರ ತಾಯಿಯವರಿಗೆ ಕೊಡಬೇಡಿ. ಅದರ ಡ್ರೆಸ್ಸಿಂಗಿನಲ್ಲಿ ಮೊಟ್ಟೆ, ಆಂಚೊವಿ ಮೀನು ಎರಡೂ ಇರುವುದುಂಟು.

ಉಪ್ಪಿನ ವಿಷಯದಲ್ಲಿ ಚೀಸು, ಆಲಿವ್, ಉಪ್ಪುನೀರಿನಲ್ಲಿ ಹಾಕಿಟ್ಟ ಹಲಪೆನ್ಯೊ ಮೆಣಸಿನಕಾಯಿ, ಈ ಮೂರನ್ನು ತಡೆದರೆ ಬಹುಪಾಲು ತಡೆದಂತೆ.

ಹಳೇಪೇಟೆ

ಇಷ್ಟೆಲ್ಲ ವಿಚಾರಣೆ ಮಾಡಿಕೊಂಡು ಊಟ ಮಾಡುವ ಬದಲು ಬೆಣ್ಣೆದೋಸೆ ತಿಂದು ಬರಬಾರದೇ ಎಂದು ಕೇಳಬೇಕೆನಿಸುತ್ತದೆ. ಆದರೂ ಆ ದೋಸೆಯೊಳಗಿನ ಆಲೂಗಡ್ಡೆಯೂ ಅಮೆರಿಕ ಖಂಡದಿಂದಲೇ ಬಂದದ್ದೆಂದು ಯಾರಾದರೂ ಹೇಳುವ ಮೊದಲು ನಾನೇ ಸುಮ್ಮನಾಗುತ್ತೇನೆ.

ವಿದ್ಯಾನಗರದವರು, ದಾವಣಗೆರೆ

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಹೋಗಿ ಬಂದೆವು.

ಅಡುಗೆಯವರು ಹೇಳಿದಂತೆ ಮೊದಲೇ ಫೋನ್ ಮಾಡಿ ಎಲ್ಲವನ್ನೂ ಕೇಳಿದ್ದರಿಂದ, ಅಲ್ಲಿನ ಮುಖ್ಯ ಬಾಣಸಿಗರು ತಾವೇ ಮೇಜಿನ ಬಳಿ ಬಂದರು. ಚೀಸಿನ ಪೊಟ್ಟಣದಲ್ಲಿ ಹಸಿರು ಚುಕ್ಕೆಯಿತ್ತು. ರಿಸೊಟ್ಟೊಗೆ ಕೋಳಿಯ ಸ್ಟಾಕ್ ಬಳಸುತ್ತೇವೆಂದು ಅವರೇ ಒಪ್ಪಿಕೊಂಡು, ನಮಗೆ ಪ್ರತ್ಯೇಕವಾಗಿ ತರಕಾರಿಯದರಲ್ಲಿ ಮಾಡಿಸಿದರು. ಅಪ್ಪ ಅದನ್ನು ಪೂರ್ತಿ ತಿಂದರು. ಮಗಳು ತರಿಸಿದ ಟಾಕೋ ಪಿಜ್ಜಾ ಮಾತ್ರ ನನ್ನ ಬೆಂಗಳೂರಿನ ನೆನಪನ್ನೇ ಮರಳಿಸಿತು, ಅರ್ಧ ಉಳಿಯಿತು. ಐವರಿಗೆ ಜಿ.ಎಸ್.ಟಿ. ಸೇರಿ 2,940 ರೂಪಾಯಿ ಆಯಿತು. ಸೇವಾ ಶುಲ್ಕ ಹಾಕಿರಲಿಲ್ಲ.

ನಾನು ಬರೆಯಬೇಕೆಂದುಕೊಂಡದ್ದು ಅಮ್ಮನ ಬಗ್ಗೆ. ಬೀನ್ಸ್ ಸುತ್ತಿದ್ದ ಮೆಕ್ಕೆಜೋಳದ ಟೋರ್ಟಿಯಾವನ್ನು ಅವರು ಬಿಡಿಸಿ, ಅಂಚನ್ನು ಎರಡು ಬೆರಳಿನಲ್ಲಿ ಹಿಡಿದು ಎಳೆದು ನೋಡಿ, ಮೂಗಿನ ಹತ್ತಿರ ಹಿಡಿದರು. "ಇದ್ರಾಗೆ ಸುಣ್ಣದ ವಾಸ್ನಿ ಐತಲ್ಲ" ಎಂದರು. ನಾನು ಇಲ್ಲಿ ಓದಿದ್ದನ್ನು ಅವರಿಗೆ ಹೇಳಿರಲಿಲ್ಲ. ಬಾಣಸಿಗರು ಬೆರಗಾಗಿ, ಹಿಟ್ಟನ್ನು ಸುಣ್ಣದಲ್ಲಿ ಹದ ಮಾಡಿದ್ದೇ ತರಿಸುತ್ತೇವೆಂದು ಒಳಗಿನಿಂದ ಪೊಟ್ಟಣ ತಂದು ತೋರಿಸಿದರು. ನಲವತ್ತು ವರ್ಷದಿಂದ ರೊಟ್ಟಿ ಬಡಿಯುತ್ತಿರುವವರಿಗೆ, ಮೆಕ್ಕೆಜೋಳದ ಹಿಟ್ಟು ಹರಿಯದೆ ಮಡಚಿಕೊಂಡದ್ದು ಸಣ್ಣ ಸಂಗತಿಯೇನಲ್ಲ. ಈಗ ಊರಿನಿಂದ ಎರಡು ಸೇರು ಕಾಳು ತರಿಸಿ, ಎಲೆ-ಅಡಿಕೆಯ ಸುಣ್ಣದ ಡಬ್ಬಿಯನ್ನು ಪಕ್ಕದಲ್ಲಿಟ್ಟುಕೊಂಡು ಕುಳಿತಿದ್ದಾರೆ. ಎಷ್ಟು ಕಾಳಿಗೆ ಎಷ್ಟು ಸುಣ್ಣ ಎಂಬುದನ್ನು ಪುಯೆಬ್ಲಾದವರು ದಯವಿಟ್ಟು ತಿಳಿಸಬೇಕು.

ಪುಯೆಬ್ಲಾದಿಂದ ಮರಳಿದವನು

ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ. ಒಂದು ಕಿಲೋ ಒಣ ಕಾಳಿಗೆ ಮೂರು ಲೀಟರ್ ನೀರು, ಸುಮಾರು ಹತ್ತು ಗ್ರಾಂ ಪುಡಿಸುಣ್ಣ ಸಾಕು. ಬಣ್ಣ, ವಾಸನೆ ಬೆರೆಸಿದ ಡಬ್ಬಿ ಸುಣ್ಣ ಬೇಡ, ತಿನ್ನಲು ಯೋಗ್ಯವೆಂದು ನಮೂದಿಸಿದ್ದೇ ಆಗಬೇಕು. ಅಲ್ಯೂಮಿನಿಯಂ ಪಾತ್ರೆಯನ್ನು ಸುಣ್ಣ ತಿನ್ನುತ್ತದೆ, ಆದ್ದರಿಂದ ಸ್ಟೀಲಿನದನ್ನು ಬಳಸಿ. ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿ ಕುದಿಸಿ, ಮುಚ್ಚಿ ಬೆಳಗಿನವರೆಗೆ ಬಿಡಿ. ಬೆರಳಿನಲ್ಲಿ ಉಜ್ಜಿದರೆ ಸಿಪ್ಪೆ ಜಾರಬೇಕು. ಮೂರು ನಾಲ್ಕು ನೀರಿನಲ್ಲಿ ಚೆನ್ನಾಗಿ ತೊಳೆದು, ಆದಷ್ಟು ಕಡಿಮೆ ನೀರು ಹಾಕಿ ಗ್ರೈಂಡರಿನಲ್ಲಿ ಗಟ್ಟಿಯಾಗಿ ರುಬ್ಬಿಸಿ.

ಊರಿನಿಂದ ಬಂದದ್ದು ಹೊಲದ ಕಾಳೇ ಹೌದೋ, ಬಿತ್ತನೆ ಬೀಜದ ಚೀಲದ್ದೋ ಎಂದು ಒಮ್ಮೆ ಖಚಿತಪಡಿಸಿಕೊಳ್ಳಿ. ಬಿತ್ತನೆ ಬೀಜಕ್ಕೆ ಔಷಧಿ ಲೇಪಿಸಿರುತ್ತಾರೆ, ಅದನ್ನು ಎಷ್ಟು ತೊಳೆದರೂ ತಿನ್ನುವಂತಿಲ್ಲ.